ಸೆರ್ಕಾಂಗಿನ ತುದಿ ತುಳಿಯದವನು

‘ಧೈರ್ಯ ಸಾಲದೆ.’ ಎರಡೇ ಪದ. ನೂರಾ ಹನ್ನೆರಡನೆಯ ಪುಟದಲ್ಲಿ, ಮೇಲಿನಿಂದ ಏಳನೆಯ ಸಾಲಿನಲ್ಲಿ ಕೂತಿದ್ದವು. ಜೈಬುನ್ನೀಸಾ ಏಳನೆಯ ಇಯತ್ತೆ ಪಾಸಾದವಳು, ಕನ್ನಡ ಓದಲು ಯಾರ ಹಂಗೂ ಅವಳಿಗೆ ಬೇಕಿರಲಿಲ್ಲ. ಆದರೂ ಆ ಸಾಲನ್ನು ಮೂರು ಸಲ ಓದಿದಳು. ‘ತುದಿಗೆ ಇನ್ನೆರಡು ಮಾರು ಇರುವಾಗ ನಮ್ಮ ಹಮಾಲ ಮಾಶಾಕನು ಧೈರ್ಯ ಸಾಲದೆ ಹಿಮದಲ್ಲಿ ಕುಳಿತುಬಿಟ್ಟನು. ನಾನೊಬ್ಬನೇ ಮುಂದೆ ನಡೆದೆ.’

ಬೆಟಗೇರಿಯ ಅವರ ಗಾದಿ ಅಂಗಡಿಯಲ್ಲಿ ಆಗ ಹತ್ತಿ ಹಿಂಜುವ ಮಷೀನು ನಿಂತಿತ್ತು. ಗಂಡ ಮಾಶಾಕ ನದಾಫ ಒಂದು ಮೂಲೆಯಲ್ಲಿ ಕೂತು ಗಾದಿಯ ಅಂಚಿಗೆ ದಬ್ಬಣ ಹಾಕುತ್ತಿದ್ದ. ಪುಸ್ತಕ ತಂದಿದ್ದ ನಂದೀಶ ಹೊಸ್ತಿಲಲ್ಲಿ ನಿಂತಿದ್ದ. ಅವನು ಗದಗಿನ ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನವರ ತಮ್ಮನ ಮಗ. ಪುಸ್ತಕ ಬರೆದವರು ವಿರೂಪಾಕ್ಷಪ್ಪನವರೇ. ಹೆಸರು ‘ಸೆರ್ಕಾಂಗ್ ಮತ್ತು ನಾನು’. ಮುಖಪುಟದಲ್ಲಿ ಹಿಮದ ನೆತ್ತಿಯ ಮೇಲೆ ಮುಳ್ಳಿನ ಬೂಟು ಊರಿ, ಕೈಯಲ್ಲಿ ಬಾವುಟ ಹಿಡಿದು ನಿಂತವರೂ ಅವರೇ.

“ಚಾಚಿ, ಐತವಾರ ಬಿಡುಗಡಿ ಐತಿ. ಚಾಚಾಗ ಶಾಲು ಹೊದಸ್ತಾರ. ಅದಕಿಂತ ಮೊದಲ ಇದೊಂದು ಸಣ್ಣ ಸಹಿ,” ಎಂದು ನಂದೀಶ ಒಂದು ಹಾಳೆ ಚಾಚಿದ.

ಹಾಳೆಯಲ್ಲಿ ಟೈಪು ಮಾಡಿದ ಒಂದೇ ವಾಕ್ಯವಿತ್ತು. ‘ನಾನು ಸೆರ್ಕಾಂಗ್ ಶಿಖರದ ತುದಿಯ ಮೇಲೆ ಕಾಲಿಟ್ಟಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.’

“ಯಾಕ ಬೇಕಾತು ಇದು?”

ನಂದೀಶ ತಲೆ ಕೆರೆದುಕೊಂಡ. ಧಾರವಾಡದಲ್ಲಿ ವಾಣಿಶ್ರೀ ಎಂಬ ಮೇಡಂ ಒಬ್ಬರಿದ್ದಾರೆ. ಯಾವ ಶಿಖರವನ್ನು ಮೊದಲು ಹತ್ತಿದವರು ಯಾರು ಎಂಬ ಪಟ್ಟಿ ಮಾಡಿ ಅಚ್ಚು ಹಾಕಿಸುವುದು ಅವರ ಕೆಲಸ. ವಿರೂಪಾಕ್ಷಪ್ಪನವರು ಹೋಗಿದ್ದ ತಂಡದ ಡಾಕ್ಟರೊಬ್ಬರು ಬುಡದ ಡೇರೆಯಿಂದ ದುರ್ಬೀನು ಹಿಡಿದು ನೋಡಿ ಬರೆದಿಟ್ಟ ಡೈರಿ ಈಗ ಅವರ ಕೈಗೆ ಸಿಕ್ಕಿದೆ. ಅದರಲ್ಲಿ ‘ಮೊದಲು ಮಾಶಾಕ, ಅರ್ಧ ತಾಸಿನ ಮೇಲೆ ವಿರೂಪಾಕ್ಷಪ್ಪ’ ಎಂದಿದೆಯಂತೆ.

“ಕಾಲ ಇಟ್ಟಿಲ್ಲ ಅನ್ನೂದು ಖರೇನಽ ಐತಲ್ಲ. ತಾ, ಪೆನ್ನು ಕೊಡು,” ಎಂದು ಮಾಶಾಕ ದಬ್ಬಣ ಕೆಳಗಿಟ್ಟ.

ಜೈಬುನ್ನೀಸಾ ಹಾಳೆ ಕಸಿದುಕೊಂಡು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು. “ಐತವಾರ ಮಂದಿ ಮುಂದಽ ಮಾಡ್ತಾರ ಸಹಿ. ನೀ ಹೋಗಪಾ ಈಗ. ಪುಸ್ತಕ ಇಲ್ಲೇ ಇರ್ಲಿ.”

ಆ ಪುಸ್ತಕವನ್ನು ಅವಳು ಎರಡು ಹಗಲಿನಲ್ಲಿ ಓದಿ ಮುಗಿಸಿದಳು. ಓದಿದಷ್ಟೂ ಮೈ ಉರಿಯಿತು.

ಸೆರ್ಕಾಂಗ್ ಟಿಬೆಟ್ಟಿನ ಗಡಿಗೆ ಅಂಟಿಕೊಂಡ ಬೆಟ್ಟ. ಬಸ್ಸು ಇಳಿದು ಹನ್ನೊಂದು ದಿನ ನಡೆದರೆ ಬುಡ ಸಿಗುತ್ತದೆ. ನಮ್ಮ ಕಪ್ಪತಗುಡ್ಡವನ್ನು ಒಂದರ ಮೇಲೊಂದು ಏಳು ಸಲ ಪೇರಿಸಿದರೂ ಅದರ ನೆತ್ತಿ ಇನ್ನೂ ಮೇಲೇ ಉಳಿಯುತ್ತದೆ. ಬ್ರಿಟಿಷರ ಸರ್ವೆಯವರು ದೂರದಿಂದ ಕಂಡು ನಕಾಶೆಯಲ್ಲಿ ಒಂದು ನಂಬರು ಕೊಟ್ಟು ಹೋಗಿದ್ದರು. ಸಾವಿರದ ಒಂಬೈನೂರಾ ಮೂವತ್ತಾರರಲ್ಲಿ ಇಬ್ಬರು ಇಂಗ್ಲಿಷರು ಅದರ ಹೆಗಲ ತನಕ ಹೋಗಿ ಬಿರುಗಾಳಿಗೆ ಮರಳಿದರು. ಆ ಇಬ್ಬರ ಹೆಸರು, ಓದಿದ ಕಾಲೇಜು, ಸೇದುತ್ತಿದ್ದ ತಂಬಾಕು ಎಲ್ಲ ಪುಸ್ತಕದಲ್ಲಿತ್ತು. ಅವರ ಹೊರೆ ಹೊತ್ತವರು ‘ಹದಿನಾಲ್ಕು ಮಂದಿ’. ಅಷ್ಟೇ. ಅರವತ್ತೊಂದರಲ್ಲಿ ಜಪಾನಿನ ತಂಡ ಬಂತು, ಹಿಮ ಜರಿದು ನಾಲ್ವರು ಸತ್ತರು. ಸತ್ತ ಜಪಾನಿಯವನ ಹೆಸರು ಕಣಿವೆಯ ಬಂಡೆಯ ಮೇಲೆ ಇಂದಿಗೂ ಇದೆ. ಉಳಿದವರು ‘ಮೂವರು ಸ್ಥಳೀಯರು’. ಅವರನ್ನೂ ಯಾವಳೋ ಹೆತ್ತಿದ್ದಳಲ್ಲ, ತೊಟ್ಟಿಲಲ್ಲಿ ಹಾಕಿ ಒಂದು ಹೆಸರು ಕೂಗಿದ್ದಳಲ್ಲ? ಆ ಹೆಸರು ಎಲ್ಲಿ ಹೋಯಿತು? ಹೊರೆ ಇಳಿಸಿದ ಜಾಗದಲ್ಲೇ ಹೆಸರನ್ನೂ ಇಳಿಸಿಬಿಡಬೇಕೇ? ಜೈಬುನ್ನೀಸಾ ಪುಟ ತಿರುವಿದಂತೆ ಒಂದು ವಿಷಯ ಅವಳಿಗೆ ನಿಚ್ಚಳವಾಯಿತು: ಈ ಬೆಟ್ಟದ ಚರಿತ್ರೆ ಎಂದರೆ ಬರೆಯಲು ಬಂದವರ ಚರಿತ್ರೆ, ಹೊತ್ತವರದ್ದಲ್ಲ.

ಎಂಬತ್ಮೂರರಲ್ಲಿ ಪುಣೆಯ ಒಂದು ಬೆಟ್ಟ ಹತ್ತುವವರ ಕ್ಲಬ್ಬು ಹೊರಟಿತು. ವಿರೂಪಾಕ್ಷಪ್ಪ ಅದರ ಮೆಂಬರು, ಮೂವತ್ತೊಂದರ ಪ್ರಾಯ. ಮಾಶಾಕ ಆಗ ಪುಣೆಯ ಗಾದಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ, ಕ್ಲಬ್ಬಿನವರು ಮಲಗುವ ಚೀಲಗಳನ್ನು ಅವನಲ್ಲೇ ಹೊಲಿಸಿದ್ದರು. “ನಮ್ಮೂರ ನದಾಫರ ಹುಡುಗ, ಡೇರೆ ಹರಿದ್ರ ಹೊಲೀತಾನ, ಬರ್ಲಿ,” ಎಂದು ವಿರೂಪಾಕ್ಷಪ್ಪನೇ ಅವನನ್ನು ಎಳೆದುಕೊಂಡು ಹೋದ. ಮೂರನೆಯ ಡೇರೆಯಲ್ಲಿ ಬೆಟ್ಟ ಬಲ್ಲವರಿಬ್ಬರೂ ಜ್ವರ ಬಂದು ಮಲಗಿದರು. ಅಷ್ಟರಲ್ಲಿ ಮಾಶಾಕ ಹೊರೆ ಹೊರುತ್ತ ಹೊರುತ್ತ ಹಿಮ ಕಡಿದು ಮೆಟ್ಟಿಲು ಮಾಡುವುದನ್ನು, ಮೊಳೆ ಬಡಿದು ಹಗ್ಗ ಕಟ್ಟುವುದನ್ನು ಕಲಿತುಬಿಟ್ಟಿದ್ದ. ಕೊನೆಯ ದಿನ ಮುಂದೆ ಹೋದವನು ಅವನು. ಅವನು ಕಡಿದ ಮೆಟ್ಟಿಲು, ಅವನು ಕಟ್ಟಿದ ಹಗ್ಗ ಹಿಡಿದು ಹಿಂದೆ ಬಂದವನು ವಿರೂಪಾಕ್ಷಪ್ಪ.

ಮುಂದಿನದು ಪುಸ್ತಕದಲ್ಲಿ ಇರಲಿಲ್ಲ. ಅದು ಜೈಬುನ್ನೀಸಾಗೆ ಮದುವೆಯಾದ ಹೊಸದರಲ್ಲಿ, ಒಂದೇ ಸಲ, ಗಂಡನ ಬಾಯಿಂದ ಬಂದಿತ್ತು. “ಮ್ಯಾಲ ಹೋಗಿ ನೋಡಿದ್ರ, ಹಿಂಜಿ ಸುರುವಿದ ಅರಳಿ ರಾಶಿ ಇದ್ದಂಗಽ ಇತ್ತು. ಯಾರ ಕೈನೂ ಹತ್ತಿದ್ದಿಲ್ಲ. ಅದರ ಮ್ಯಾಲ ಹೆಂಗ ಕಾಲ ಇಡೂದು?”

ಇದನ್ನು ತಿಳಿಯಲು ಹತ್ತಿ ಹಿಂಜುವ ನದಾಫರ ಮನೆಯಲ್ಲಿ ಹುಟ್ಟಬೇಕಿಲ್ಲ, ಈ ಸೀಮೆಯಲ್ಲಿ ಒಂದು ಗಾದಿ ಮಾಡಿಸಿದ್ದರೆ ಸಾಕು. ಹೊಲದಿಂದ ಬಂದ ಹತ್ತಿಯನ್ನು ಅಂಡಿಗೆಯ ಚೀಲಕ್ಕೆ ತುಂಬುವಾಗ ಆಳುಗಳು ಕಾಲಿನಿಂದಲೇ ತುಳಿಯುತ್ತಾರೆ. ಅದು ಬೇರೆ. ಬೀಜ ಬಿಡಿಸಿ, ಕಸ ಕಳೆದು, ಬಿಲ್ಲಿನಿಂದ ಹಿಂಜಿ ಮೊಣಕಾಲೆತ್ತರ ನಿಂತ ಅರಳೆ ಬೇರೆ. ನಾಳೆ ಅದರ ಮೇಲೆ ಬಾಣಂತಿ ಮಲಗುತ್ತಾಳೆ, ಕೂಸು ಮಲಗುತ್ತದೆ, ಯಾರದೋ ಕೊನೆಯುಸಿರೂ ಅದರ ಮೇಲೆಯೇ ಹೋಗುತ್ತದೆ. ಆ ರಾಶಿಯನ್ನು ಕಾಲಿನಿಂದ ಮುಟ್ಟುವಂತಿಲ್ಲ. ತುಂಬುವ ಮೊದಲು ಬರಿಗೈಯನ್ನು ಅದರ ನೆತ್ತಿಯ ಮೇಲಿಟ್ಟು ಕಣ್ಣಿಗೊತ್ತಿಕೊಂಡು ಬಿಸ್ಮಿಲ್ಲಾ ಅನ್ನುತ್ತಾರೆ, ಆಮೇಲೆ ಕೆಲಸ.

ಮಾಶಾಕ ಅಲ್ಲಿಯೂ ಅದನ್ನೇ ಮಾಡಿದ. ನೆತ್ತಿಗೆ ಎರಡು ಮಾರು ಕೆಳಗೆ ಮೊಣಕಾಲೂರಿದ. ಹೊಟ್ಟೆಯ ಮೇಲೆ ತೆವಳಿದ, ಕಾಲು ಹಿಂದೆಯೇ ಉಳಿಯಿತು. ಬಲಗೈಯ ಗವಸು ಕಳಚಿ, ಬರಿಗೈಯನ್ನು ಜಗತ್ತಿನಲ್ಲಿ ಯಾರೂ ಮುಟ್ಟದ ಆ ಹಿಮದ ತುದಿಗೆ ಇಟ್ಟ. ಕಣ್ಣಿಗೊತ್ತಿಕೊಂಡ. ಗವಸನ್ನು ಗಾಳಿ ಒಯ್ದಿತು. ಹಿಂದೆ ಸರಿದು ಕೂತು ವಿರೂಪಾಕ್ಷಪ್ಪನ ದಾರಿ ಕಾದ. ಇಳಿದು ಬಂದ ಮೇಲೆ ಎರಡು ಬೆರಳಿನ ತುದಿ ಕಪ್ಪಾಗಿ, ಡಾಕ್ಟರು ಕತ್ತರಿಸಿದರು. ಹಿಂಜುವ ಬಿಲ್ಲಿನ ನರ ಮಿಡಿಯಲು ಆ ಬೆರಳುಗಳೇ ಬೇಕು. ಅಂದಿನಿಂದ ಅವನ ಬಿಲ್ಲು ಗೋಡೆ ಸೇರಿತು. ಸಾಲ ಮಾಡಿ ಮಷೀನು ತರುವ ತನಕ ಏಳು ವರ್ಷ ಜೈಬುನ್ನೀಸಾಳೇ ಆ ಬಿಲ್ಲು ಹೊಡೆದಳು. ಹೆಂಗಸು ಬಿಲ್ಲು ಹಿಡಿಯುವುದೇ ಎಂದು ಓಣಿಯೆಲ್ಲ ಆಡಿಕೊಂಡಿತ್ತು.

ಪುಸ್ತಕದಲ್ಲಿ ಆ ಬೆರಳಿಗೂ ಒಂದು ಸಾಲಿತ್ತು. ‘ಕೈಗವಸಿನ ವಿಷಯದಲ್ಲಿ ಅವನು ಅಜಾಗರೂಕನಾಗಿದ್ದ.’

“ಏನ್ರಿ, ಧೈರ್ಯ ಇದ್ದಿದ್ದಿಲ್ಲೇನು ನಿಮಗ?” ಎಂದು ಅವಳು ಗಂಡನನ್ನು ನೇರವಾಗಿ ಕೇಳಿದಳು.

ಅವನು ದಾರ ಹಲ್ಲಿನಿಂದ ಕಡಿದ. “ಇತ್ತು.”

“ಮತ್ತ ಹೇಳಾಕ ಏನಾಗೇತಿ?”

“ನಾನಽ ಹೇಳಿಕೊಂಡ್ರ ಬಡಾಯಿ ಆಕ್ಕೈತಿ. ಮಣ್ಣ ಹಾಕು ಅದಕ. ನಮ್ಮಪ್ಪನ ಕಾಲದಿಂದ ಸಾವ್ಕಾರ್ರ ಮನಿ ಗಾದಿ ನಾವಽ ಮಾಡ್ತೇವಿ.”

“ನೀವು ಹೇಳಿದ್ರ ಬಡಾಯಿ. ಹೇಳದಿದ್ರ ಅವರ ಸುಳ್ಳು ಖರೆ ಆಕ್ಕೈತಿ. ಯಾವದು ಚೊಲೋ ನೋಡ್ರಿ.”

ಅವನು ನೋಡಲಿಲ್ಲ, ಸೂಜಿಗೆ ಹೊಸ ದಾರ ಪೋಣಿಸಿದ. ಅವಳು ಬಿಡುಗಡೆಯ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿ ವಾಣಿಶ್ರೀಯವರ ಹೆಸರಿನ ಕೆಳಗಿದ್ದ ನಂಬರಿಗೆ ತಾನೇ ಫೋನು ಮಾಡಿದಳು.

ವಾಣಿಶ್ರೀ ಸಮಾಧಾನದಿಂದ ಕೇಳಿಸಿಕೊಂಡರು. “ಅಮ್ಮಾ, ಅದು ದೇವರ ಜಾಗ ಅಂತ ತುದಿಗೆ ಎರಡು ಹೆಜ್ಜೆ ಮೊದಲೇ ನಿಲ್ಲೋರು ಇದ್ದಾರೆ. ಅವರನ್ನೂ ನಾವು ಹತ್ತಿದವರು ಅಂತಲೇ ಬರೀತೀವಿ. ಆದರೆ ಹೆದರಿ ನಿಂತರೋ, ಗೌರವಕ್ಕೆ ನಿಂತರೋ ಅನ್ನೋದಕ್ಕೆ ಇನ್ನೊಬ್ಬರ ಮಾತು ಬೇಕಲ್ಲ. ಮೇಲಿದ್ದವರು ಇಬ್ಬರೇ.”

“ಇವರು ಮ್ಯಾಲಽ ಹೇಳ್ಯಾರ್ರಿ ಸಾವ್ಕಾರ್ರಿಗೆ. ಯಾಕೋ ಕುಂತಿ ಅಂತ ಅವರು ಕೇಳಿದ್ರಂತ, ಇವರು ಹೇಳಿದ್ರಂತ.”

“ಹಾಗಿದ್ದರೆ ಅದನ್ನ ವಿರೂಪಾಕ್ಷಪ್ಪನವರು ಒಪ್ಪಬೇಕು. ಅಷ್ಟು ಸಾಕು.”

ಐತವಾರ ಬೆಳಿಗ್ಗೆ ಹನ್ನೊಂದಕ್ಕೆ ಗದಗಿನ ಆ ಸಭಾಭವನ ತುಂಬಿತ್ತು. ಹೊರಗೆ ಊಟಕ್ಕೆ ಗೋಧಿ ಹುಗ್ಗಿ ಕುದಿಯುತ್ತಿತ್ತು, ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕ, ಮೇಜಿನ ಕೆಳಗೆ ಪುಸ್ತಕದ ಡಬ್ಬಿಗಳು. ವೇದಿಕೆಯ ಮೇಲೆ ವಾಣಿಶ್ರೀ, ಅವರ ಪಕ್ಕದಲ್ಲಿ ಎಪ್ಪತ್ಮೂರರ ವಿರೂಪಾಕ್ಷಪ್ಪ, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ. ಮುಂದಿನ ಸಾಲಿನಲ್ಲಿ ಅವರ ಅಕ್ಕ ಕಸ್ತೂರೆವ್ವ, ಎಂಬತ್ತು ದಾಟಿದ ಹಿರಿಯಳು, ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಬಂದವರೆಲ್ಲ ಅವಳ ಕಾಲು ಮುಟ್ಟಿ ಒಳಗೆ ಹೋಗುತ್ತಿದ್ದರು.

ವಿರೂಪಾಕ್ಷಪ್ಪ ಮುಕ್ಕಾಲು ತಾಸು ಮಾತಾಡಿದರು. ಗಾಳಿ, ಚಳಿ, ಛಲ, ಒಂಟಿತನ ಎಲ್ಲ ಬಂದವು. ನೂರಾ ಹನ್ನೆರಡನೆಯ ಪುಟವನ್ನು ಓದಿಯೂ ತೋರಿಸಿದರು. ಆ ಎರಡು ಪದ ಮೈಕಿನಿಂದ ಹೊರಟು ಭವನದ ನಾಲ್ಕೂ ಗೋಡೆಗೆ ಬಡಿದವು. ಜೈಬುನ್ನೀಸಾಳ ಪಕ್ಕದ ಹೆಂಗಸು ಅಯ್ಯೋ ಪಾಪ ಎಂದು ಮಾಶಾಕನ ಕಡೆ ನೋಡಿದಳು. ಆ ಪಾಪ ಎನ್ನುವ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು.

“ಈಗ ನನ್ನ ನಂಬಿಗಸ್ಥ ಹಮಾಲ ಮಾಶಾಕ,” ಎಂದು ವಿರೂಪಾಕ್ಷಪ್ಪ ಕೈ ಮಾಡಿ ಕರೆದರು. ಮಾಶಾಕ ಹೋದ. ಹೆಗಲಿಗೆ ಶಾಲು ಬಿತ್ತು, ಚಪ್ಪಾಳೆ ಬಿತ್ತು. ನಂದೀಶ ತಟ್ಟೆಯಲ್ಲಿ ಇನ್ನೊಂದು ಹಾಳೆ, ಮೇಲೊಂದು ಪೆನ್ನು ಇಟ್ಟುಕೊಂಡು ಮುಂದೆ ಬಂದ. ಮಾಶಾಕ ಪೆನ್ನು ಎತ್ತಿಕೊಂಡೂ ಬಿಟ್ಟ.

“ಸಾವ್ಕಾರ್ರ,” ಎಂದು ಜೈಬುನ್ನೀಸಾ ಎದ್ದಳು. “ಸಹಿ ಮಾಡ್ತಾರ ಇವರು. ಅದಕಿಂತ ಮೊದಲ ನನ್ನದೊಂದು ಮಾತು ಐತ್ರಿ.”

ಹೆಂಗಸರ ಸಾಲಿನಿಂದ ದನಿ ಬಂದದ್ದಕ್ಕೆ ಭವನವೆಲ್ಲ ಹೊರಳಿ ನೋಡಿತು. ನಂದೀಶ ಕಣ್ಣಲ್ಲೇ ಬೇಡಿಕೊಂಡ. ಅವಳು ನೋಡದವಳಂತೆ ಎರಡು ಹೆಜ್ಜೆ ಮುಂದೆ ಬಂದಳು.

“ಕೇಳು ತಾಯಿ, ಕೇಳು,” ಎಂದರು ವಿರೂಪಾಕ್ಷಪ್ಪ, ನಗುತ್ತಲೇ.

“ಯಾಕೋ ಕುಂತಿ ಅಂತ ಮ್ಯಾಲ ನೀವು ಇವರನ್ನ ಕೇಳಿದ್ರಿ. ಇವರು ಏನಂದ್ರು? ಪುಸ್ತಕದಾಗ ನೀವು ಕೇಳಿದ್ದಽ ಇಲ್ಲ.”

“ನಲವತ್ತೆರಡು ವರ್ಷದ ಹಿಂದಿನ ಮಾತವ್ವಾ. ಆ ಎತ್ತರದಾಗ ಮನಷ್ಯಾಗ ತನ್ನ ಹೆಸರಽ ನೆನಪಿರೂದಿಲ್ಲ.”

“ಆವತ್ತ ಮುಂಜಾನೆ ಎಷ್ಟ ಬಿಸ್ಕಿಟ್ ತಿಂದ್ರಿ ಅನ್ನೂದು ನೆನಪೈತಲ್ರಿ. ನಾಕು. ನೂರಾ ಒಂದನೇ ಪುಟದಾಗ ಬರದೀರಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹಾರಿತು. ವಿರೂಪಾಕ್ಷಪ್ಪನವರ ಮುಖದ ನಗು ಮಾತ್ರ ಅಲ್ಲಿಗೇ ನಿಂತಿತು.

“ಏನೋ ಅಂದಪಾ ಅಂವ. ಅರಳಿ ರಾಶಿ ಇದ್ದಂಗ ಐತಿ, ಕಾಲ ಇಡಬಾರದು ಅಂತ ಏನೋ ಒಂದು,” ಎಂದು ಕೈ ಕೊಡವಿದರು. “ರಾಶಿ ತುಳೀಬಾರದು ಅನ್ನೂ ಪದ್ಧತಿ ನಾನಂತೂ ಎಲ್ಲೂ ಕೇಳಿಲ್ಲ, ಕಂಡಿಲ್ಲ. ಮೂರು ತಲಿ ಹತ್ತಿ ವ್ಯಾಪಾರದ ಮನಿ ನಮ್ಮದು. ಅಂಜಿದಾಂವ ಏನರ ಒಂದು ನೆವ ಹೇಳಬೇಕಲ್ಲ?”

“ಏ ವೀರೂ.”

ಕೋಲು ನೆಲಕ್ಕೆ ಬಡಿಯಿತು. ದೊಡ್ಡ ಮನುಷ್ಯನನ್ನು ಆ ಭವನದಲ್ಲಿ ಹಾಗೆ ಕರೆಯಬಲ್ಲ ಜೀವ ಒಂದೇ ಇತ್ತು.

“ಕೇಳಿಲ್ಲೇನೋ? ಕಂಡಿಲ್ಲೇನೋ?” ಕಸ್ತೂರೆವ್ವ ಕೂತಲ್ಲಿಂದಲೇ ಕೇಳಿದಳು. ಮೈಕು ಬೇಕಾಗಲಿಲ್ಲ. “ನನ್ನ ಲಗ್ನದ ಗಾದಿ ಮಾಡಾಕ ಈ ಮಾಶಾಕನ ಅಪ್ಪ ನಮ್ಮ ಹಿತ್ತಲಕ್ಕ ಬಂದಿದ್ದ. ನಿನಗ ಎಂಟು ವರ್ಷ. ಕಟ್ಟಿ ಮ್ಯಾಲಿಂದ ಹಾರಿ ರಾಶಿ ನಡಬರಕ ಬಿದ್ದಿ. ಅವ್ವ ಕಿವಿ ಹಿಂಡಿ ಎಬ್ಬಿಸಿ, ರಾಶಿಗೆ ಕೈ ಮುಟ್ಟಿಸಿ, ಕಣ್ಣಿಗೆ ಒತ್ತಿಸಿದ್ಲು. ತಪ್ಪಾತು ಅಂತ ಮೂರು ಸಲ ಅನಿಸಿದ್ಲು. ಮೂಗಿನಾಗ ಅರಳಿ ಹೋಗಿ ಸಂಜೀತನಕ ಸೀನಿದಿ. ಮರತೇನು?”



ಈ ಮೂರು ದಿನ ಜೈಬುನ್ನೀಸಾ ಬೈಯುತ್ತಲೇ ಒಳಗೊಳಗೆ ಅವರಿಗೊಂದು ಸಂಶಯದ ಲಾಭ ಕೊಟ್ಟಿದ್ದಳು. ಪುಣೆಯಲ್ಲಿ ಓದಿದವರು, ದೊಡ್ಡ ಮನೆಯವರು, ಗಾದಿಯ ಮೇಲೆ ಮಲಗಿ ಗೊತ್ತೇ ಹೊರತು ಗಾದಿ ಮಾಡುವುದು ಎಲ್ಲಿ ಗೊತ್ತಿರಬೇಕು, ತಿಳಿಯದೆ ಬರೆದಿರಬೇಕು ಅಂದುಕೊಂಡಿದ್ದಳು. ಆ ಲಾಭವೂ ಈಗ ಹೋಯಿತು. ಇಂಗ್ಲಿಷರು ಬರೆದಿದ್ದರೆ, ಜಪಾನಿನವರು ಬರೆದಿದ್ದರೆ ತಪ್ಪು ತಿಳಿದರು ಎನ್ನಬಹುದಿತ್ತು. ಇವರು ತಮ್ಮ ಕಣ್ಣಿಗೂ ಅದೇ ಅರಳೆ ಒತ್ತಿಕೊಂಡವರು. ಮಾಶಾಕ ಮೊಣಕಾಲೂರಿದ್ದನ್ನು ಈ ಭೂಮಂಡಲದಲ್ಲಿ ಸರಿಯಾಗಿ ತಿಳಿಯಬಲ್ಲ ಮನುಷ್ಯ ಒಬ್ಬನೇ ಒಬ್ಬನಿದ್ದ, ಅವನು ಅರ್ಧ ತಾಸಿಗೆ ಅಲ್ಲಿಗೆ ಬಂದು ಕೇಳಿದ. ತಿಳಿದ. ತಿಳಿದು, ನೆತ್ತಿ ತುಳಿದ. ಆಮೇಲೆ ಇಳಿದು ಬಂದು ಅದಕ್ಕೆ ಹೇಡಿತನ ಎಂದು ಹೆಸರಿಟ್ಟ.

“ಅಕ್ಕಗ ವಯಸ್ಸಾತು,” ಎಂದರು ವಿರೂಪಾಕ್ಷಪ್ಪ, ನೀರಿನ ಲೋಟ ಎತ್ತಿ.

“ನಿನಗೇನು ಹರೇ ಬಂದೈತೇನು?” ಎಂದಳು ಕಸ್ತೂರೆವ್ವ. “ಅವ್ವ ಇದ್ದಿದ್ರ ಇನ್ನೊಂದು ಕಿವೀನೂ ಹಿಂಡ್ತಿದ್ಲು.”

ಅವರು ನೀರು ಕುಡಿಯಲಿಲ್ಲ. ಬಿಪಿ ಏರಿದೆ, ಕ್ಷಮಿಸಬೇಕು ಎಂದು ವಾಣಿಶ್ರೀಗೆ ಮಾತ್ರ ಕೇಳುವಂತೆ ಹೇಳಿ, ವೇದಿಕೆಯ ಮಗ್ಗುಲ ಬಾಗಿಲಿನಿಂದ ಹೊರಟೇಬಿಟ್ಟರು. ಹೊರಗೆ ಕಾರು ಚಾಲೂ ಆದ ಸಪ್ಪಳ ಎಲ್ಲರಿಗೂ ಕೇಳಿಸಿತು. ಒಂದು ‘ತಪ್ಪಾತು’ ಎನ್ನಲು ಎಂಟು ವರ್ಷದ ಹುಡುಗನಿಗೆ ಇದ್ದ ಧೈರ್ಯ ಎಪ್ಪತ್ಮೂರರ ಯಜಮಾನನಿಗೆ ಸಾಲಲಿಲ್ಲ.

ವೇದಿಕೆಯ ಮೇಲೆ ಮಾಶಾಕ ಪೆನ್ನು ಹಿಡಿದು ನಿಂತೇ ಇದ್ದ.

“ಕೂತ್ಕೊಳ್ಳಿ,” ಎಂದು ವಾಣಿಶ್ರೀ ತಮ್ಮ ಪಕ್ಕದ ಖಾಲಿ ಕುರ್ಚಿ ತೋರಿಸಿದರು. “ನೀವು ಅಲ್ಲಿ ಏನು ಹೇಳಿದ್ರಿ ಅಂತ ಅವರ ಬಾಯಿಂದಲೇ ಬಂತು, ನನಗೆ ಅಷ್ಟು ಸಾಕು. ಈಗ ನಿಮ್ಮ ಬಾಯಿಂದ ಕೇಳಬೇಕು. ಏನಂತ ಬರೀಲಿ?”

ಮಾಶಾಕ ಕೂರಲಿಲ್ಲ. ಕಣ್ಣು ಜನರ ನಡುವೆ ಹೆಂಡತಿಯನ್ನು ಹುಡುಕಿತು. ಹೇಳಿಕೊಟ್ಟರೆ ಅದು ತನ್ನ ಮಾತಾಗುತ್ತದೆ, ಅವನದ್ದಾಗುವುದಿಲ್ಲ ಎಂದು ಅವಳು ತುಟಿ ಕಚ್ಚಿ ನಿಂತಳು. ಬಡಾಯಿಗೆ ಹೆದರಿ ಈಗಲೂ ‘ಇರ್ಲಿ ಬಿಡ್ರಿ’ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ಆ ಹದಿನಾಲ್ಕು ಮಂದಿಯ ಜೊತೆ ಇವನೂ ಸೇರಿದ.

“ಕಾಲ ಇಟ್ಟಿಲ್ಲ ಅಂತ ಬರೀರಿ. ಅದು ಖರೆ,” ಎಂದ ಮಾಶಾಕ. “ಕೈ ಇಟ್ಟಾನ ಅಂತನೂ ಬರೀರಿ. ನನಕಿಂತ ಮೊದಲ ಅಲ್ಲಿ ಯಾರ ಕೈಯೂ ಹತ್ತಿದ್ದಿಲ್ಲ, ಯಾರ ಕಾಲೂ ಹತ್ತಿದ್ದಿಲ್ಲ. ಎರಡೂ ಬರೀರಿ ಬಾಯಾರ. ಒಂದಽ ಬರದ್ರ ಅದು ಸುಳ್ಳು.”

ತಟ್ಟೆಯ ಹಾಳೆಯನ್ನು ಅವನು ಸಹಿ ಮಾಡದೆ ತಿರುವಿಹಾಕಿದ. ಹೆಗಲ ಶಾಲು ತೆಗೆದು ನೀಟಾಗಿ ನಾಲ್ಕು ಮಡಿಕೆ ಮಾಡಿ, ಯಜಮಾನರು ಬಿಟ್ಟು ಹೋದ ಕುರ್ಚಿಯ ಮೇಲಿಟ್ಟ.

ವಾಣಿಶ್ರೀ ಅಲ್ಲೇ ಕೂತು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಸೆರ್ಕಾಂಗ್, ಮೊದಲ ಆರೋಹಣ, ಮಾಶಾಕ ನದಾಫ, ಬೆಟಗೇರಿ. ಆತನ ಹಿಂದೆ ವಿರೂಪಾಕ್ಷಪ್ಪ, ಗದಗ. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಯಜಮಾನರಿಗೆ ಹೀಗೆ ಮಾಡಬಾರದಿತ್ತು ಎಂದು ಗೊಣಗಿದರು. ಬಹಳಷ್ಟು ಜನ ಹುಗ್ಗಿಯ ವಾಸನೆಯ ಕಡೆಗೆ ಎದ್ದರು, ಹೋಗುವಾಗ ಬಾಗಿಲ ಮೇಜಿನಿಂದ ಒಂದೊಂದು ಪುಸ್ತಕ ಎತ್ತಿಕೊಳ್ಳಲು ಕೈ ಚಾಚಿದರು.

ಪಟ್ಟಿ ಸರಿಯಾಯಿತು, ಸರಿ. ಪಟ್ಟಿ ಓದುವವರು ಎಷ್ಟು ಜನ? ಈ ಪುಸ್ತಕ ಲಕ್ಷ್ಮೇಶ್ವರಕ್ಕೆ ಹೋಗುತ್ತದೆ, ಶಿರಹಟ್ಟಿಗೆ ಹೋಗುತ್ತದೆ, ಮುಂಡರಗಿಯ ಶಾಲೆಯ ಕಪಾಟು ಸೇರುತ್ತದೆ. ಮಕ್ಕಳು ನೂರಾ ಹನ್ನೆರಡನೆಯ ಪುಟ ತೆಗೆಯುತ್ತಾರೆ. ಜೈಬುನ್ನೀಸಾ ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಳು. ಮೇಜಿನ ಕೆಳಗಿನ ಡಬ್ಬಿಗಳನ್ನು ಎಳೆದು, ಅವುಗಳಲ್ಲಿ ಒಂದರ ಮೇಲೆ ಗಟ್ಟಿಯಾಗಿ ಕೂತಳು. ಮೇಜಿನ ಮೇಲಿದ್ದವನ್ನೂ ಮಡಿಲಿಗೆ ಎಳೆದುಕೊಂಡಳು.

ನಂದೀಶ ಓಡಿ ಬಂದ. “ಚಾಚಿ, ಇದೇನ್ರಿ ಇದು? ಮಂದಿ ನೋಡಾಕತ್ತಾರ. ಏಳ್ರಿ.”

“ನೋಡ್ಲಿ. ಆ ಎರಡು ಪದ ಹೋಗೂತನಕ ಒಂದು ಪುಸ್ತಕಾನೂ ಈ ಬಾಗಲಾ ದಾಟೂದಿಲ್ಲ.”

“ಮುಂದಿನ ಸಲ ಅಚ್ಚು ಹಾಕಸೂಮುಂದ ತಗಸ್ತೇವಿ. ಖರೇನಽ ತಗಸ್ತೇವಿ.”

“ಮುಂದಿನ ಸಲ ಅಂತ ನೀವು ಅಂತೀರಿ, ಹೂಂ ಅಂತ ನಾವು ಅಂತೇವಿ. ಇಷ್ಟ ದಿನ ನಡದದ್ದಽ ಹಂಗ.”

“ಅಲ್ರಿ ಚಾಚಿ, ಮುನ್ನೂರು ಪುಸ್ತಕ ಅದಾವ!”

“ಏಳು ವರ್ಷ ಬಿಲ್ಲು ಹೊಡದಾಕಿ ನಾ,” ಎಂದು ಜೈಬುನ್ನೀಸಾ ಮೊದಲನೆಯ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ ನೂರಾ ಹನ್ನೆರಡನೆಯ ಪುಟ ಹುಡುಕಿದಳು. “ಮುನ್ನೂರು ಅಂದ್ರ ಒಂದು ಮಧ್ಯಾಹ್ನದ ಕೆಲಸ. ಪೆನ್ನು ತಾ.”